ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲ ಈ ಅಪ್ಪಣೆ ಬಾಯಿಪಾಠ. ವಿಜ್ಞಾನದ ಪ್ರಶ್ನೆಪತ್ರಿಕೆಯ ಕೊನೆಗೆ, ಇನ್ನೇನು ಗಂಟೆ ಹೊಡೆಯುತ್ತದೆ ಎನ್ನುವಾಗ ಅದು ಕಾದು ಕೂತಿರುತ್ತದೆ. ಮಾನವನ ಹೃದಯದ ನೀಳಛೇದವೋ, ಮೂತ್ರಪಿಂಡವೋ, ಹೂವಿನ ಉದ್ದ ಸೀಳಿಕೆಯೋ, ಯಾವುದಾದರೂ ಸರಿ. ಚಿತ್ರ ಅಂದವಾಗಿರಬೇಕು, ಭಾಗಗಳಿಗೆ ಹೆಸರಿರಬೇಕು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಸರ್ವಿಸ್ ಪೂರ್ತಿ ಪ್ರತಿ ವರ್ಷವೂ ಬೋರ್ಡಿನ ಮೇಲೆ ಹೃದಯ ಬರೆದು, ಬಲಗಡೆ ನೀಲಿ, ಎಡಗಡೆ ಕೆಂಪು ಸೀಮೆಸುಣ್ಣ ಹಚ್ಚಿ, ಗಂಟೆಯಾದ ಮೇಲೆ ಡಸ್ಟರಿನಿಂದ ಒರೆಸಿ ಸ್ಟಾಫ್ ರೂಮಿಗೆ ಹೋಗಿದ್ದೇನೆ.

ಮೌಲ್ಯಮಾಪನಕ್ಕೆ ಕೂತಾಗ ಈ ಹೃದಯಗಳ ಗತಿ ನೋಡಬೇಕು. ಚಿತ್ರಕ್ಕೆ ಇಷ್ಟು, ಭಾಗಗಳಿಗೆ ಇಷ್ಟು ಎಂದು ಅಂಕ ಹಂಚಿರುತ್ತಾರೆ. ಬದನೆಕಾಯಿಯಂಥ ಹೃದಯ ಬರೆದವನೂ ಎಡ ಹೃತ್ಕರ್ಣ, ಬಲ ಹೃತ್ಕುಕ್ಷಿ ಎಂದು ಸರಿಯಾದ ಕಡೆ ಗೆರೆ ಎಳೆದಿದ್ದರೆ ಬಚಾವು. ಶೇಡ್ ಮಾಡುವ ಹಾಗಿಲ್ಲ, ಗೆರೆ ಮಾತ್ರ. ಒಂದು ಸಲ ಯಾವನೋ ಹುಡುಗ ಎಡ ಹೃತ್ಕುಕ್ಷಿಯಿಂದ ಬಾಣ ಎಳೆದು ‘ಎಸ್’ ಎಂದಷ್ಟೇ ಬರೆದಿದ್ದ. ಅದಕ್ಕೆ ಅಂಕ ಕೊಡುವ ಹಾಗಿರಲಿಲ್ಲ. ಆದರೆ ಆ ಇಡೀ ಕಟ್ಟಿನಲ್ಲಿ ತನ್ನ ಹೃದಯದ ಭಾಗವನ್ನು ಸರಿಯಾಗಿ ಗುರುತಿಸಿದ್ದವನು ಬಹುಶಃ ಅವನೊಬ್ಬನೇ.

ಡ್ರಾಯಿಂಗ್ ಕ್ಲಾಸಿನ ಕಥೆಯೂ ಬೇರೆಯೇನಲ್ಲ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಗುಡಿಸಲು, ಬಾಗಿದ ತೆಂಗಿನ ಮರ, ಆಕಾಶದಲ್ಲಿ ಮೂರು ಎಂಬಂತೆ ಬರೆದ ಹಕ್ಕಿ. ನಮ್ಮದು ಶಿವಮೊಗ್ಗ. ಕಿಟಕಿ ತೆಗೆದರೆ ಮಲೆನಾಡು. ಆದರೂ ನಮ್ಮ ಮಕ್ಕಳು ಬರೆಯುವ ಗುಡ್ಡ ಮಾತ್ರ ಎಲ್ಲೂ ಇಲ್ಲದ ತ್ರಿಕೋನ. ಮೂರು ವರ್ಷಕ್ಕೆ ಗೋಡೆಯೆಲ್ಲ ಗೀಚಿ ಬೈಸಿಕೊಂಡ ಮಗು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ‘ನಂಗೆ ಡ್ರಾಯಿಂಗ್ ಬರಲ್ಲ’ ಎನ್ನುತ್ತದೆ. ಆ ಒಂದು ವಾಕ್ಯ ಸಾಯುವವರೆಗೂ ಜೊತೆಗಿರುತ್ತದೆ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ ಒಬ್ಬಿಬ್ಬರ ಪಾಲಿಗೆ ಚಿತ್ರ; ಉಳಿದವರ ಪಾಲಿಗೆ ನೋಡಿ ಮೆಚ್ಚುವ ಕೆಲಸ.

ಹೀಗಿರುವಾಗ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಬಂದು, ಬ್ಯಾಗಿನಿಂದ ಉಬ್ಬಿದ ಒಂದು ಪುಸ್ತಕ ತೆಗೆದಳು. ಬಸ್ ಟಿಕೆಟ್ಟು, ಒಣಗಿದ ಎಲೆ, ಕಾಫಿ ಅಂಗಡಿಯ ಬಿಲ್ಲು, ಹೂಬಳ್ಳಿಯ ಟೇಪು, ನಡುನಡುವೆ ಬಣ್ಣ, ಬಣ್ಣದ ಮೇಲೆ ಅಕ್ಷರ. ರಟ್ಟು ಮುಚ್ಚುತ್ತಿರಲಿಲ್ಲ. ಆರ್ಟ್ ಜರ್ನಲ್ ಅಂತೆ. ದೂರದಿಂದಲೇ ತೋರಿಸಿ ಮತ್ತೆ ಒಳಗಿಟ್ಟುಕೊಂಡಳು.

“ದೊಡ್ಡಮ್ಮ, ನೀವೂ ಶುರು ಮಾಡಿ. ರಿಟೈರ್ ಆಗಿದೀರಲ್ಲ.”

“ಎಂಥ ಬರೆಯೋದೇ ಅದ್ರಲ್ಲಿ?”

“ಮನಸ್ಸಿಗೆ ಬಂದದ್ದು.”

“ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿಟ್ಟು ಈ ಮನೇಲಿ ಬದುಕೋಕಾಗುತ್ತೇನೇ?”

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಆದರೂ ಮಾರನೇ ವಾರ ಗಾಂಧಿ ಬಜಾರಿಗೆ ಹೋಗಿ ಸ್ಟೇಷನರಿ ಅಂಗಡಿಯಲ್ಲಿ ವಾಟರ್ ಕಲರ್ ಪುಸ್ತಕ ಕೇಳಿದೆ. “ಮೊಮ್ಮಕ್ಕಳಿಗಾ ಮೇಡಂ?” ಎಂದ ಅಂಗಡಿಯ ಹುಡುಗ. ಹೌದು ಎಂದೆ. ಮೊಮ್ಮಗುವಿಗಾದರೆ ಸಾದಾ ಡ್ರಾಯಿಂಗ್ ಪುಸ್ತಕ ಸಾಕು ಎಂದ. ನಿಜವಾದ ವಾಟರ್ ಕಲರ್ ಕಾಗದದ ಬೆಲೆ ಹೇಳಿದಾಗ ಸಾಕು ಅಂತ ನನಗೂ ಅನ್ನಿಸಿತು. ಕಾಗದದ ತೂಕವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂದು. ಜೆರಾಕ್ಸ್ ಹಾಳೆ 70ರಿಂದ 80, ವಾಟರ್ ಕಲರಿಗೆ ಒಪ್ಪುವುದು 300. ತೆಳು ಹಾಳೆಯ ಮೇಲೆ ನೀರಿನ ಬಣ್ಣ ಹಚ್ಚಿದರೆ ಒದ್ದೆಯಾದ ಕಡೆ ಸೆಲ್ಯುಲೋಸ್ ನಾರು ಊದಿಕೊಳ್ಳುತ್ತದೆ, ಒಣಗಿದ ಕಡೆ ಇದ್ದ ಹಾಗೇ ಇರುತ್ತದೆ. ಹಾಳೆ ಸೊಟ್ಟಗಾಗುವುದು ಅದಕ್ಕೆ. ಇದನ್ನೆಲ್ಲ ಆ ಹುಡುಗನಿಗೆ ವಿವರಿಸಿದೆ. ಪಾಪ, ಪೂರ್ತಿ ಕೇಳಿಸಿಕೊಂಡ.

ಏನೂ ಕೊಳ್ಳದೆ ಮನೆಗೆ ಬಂದೆ. ಕಪಾಟಿನಲ್ಲಿ ಹಳೆಯ ಪ್ರಾಕ್ಟಿಕಲ್ ರೆಕಾರ್ಡುಗಳಿದ್ದವು, ಹುಡುಗರಿಗೆ ಕೊಟ್ಟು ಉಳಿದವು. ಒಂದು ಮಗ್ಗುಲಿಗೆ ಗೆರೆಯಿಲ್ಲದ ಬಿಳಿ ಪುಟ, ಚಿತ್ರಕ್ಕೆ. ಇನ್ನೊಂದು ಮಗ್ಗುಲಿಗೆ ಗೆರೆ ಹಾಕಿದ್ದು, ಬರವಣಿಗೆಗೆ. ಗಟ್ಟಿ ಹಾಳೆ, ಗಟ್ಟಿ ರಟ್ಟು, ಬಿಡಿಸಿಟ್ಟರೆ ಮಡಚಿಕೊಳ್ಳದ ಬೈಂಡು. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಪ್ಯಾರಿಸ್ಸಿನಲ್ಲೂ ಸಿಕ್ಕಲಿಕ್ಕಿಲ್ಲ. ಇನ್ನೊಂದು ಅನುಕೂಲ: ಅದು ರೆಕಾರ್ಡು. ಹುಡುಗರ ರೆಕಾರ್ಡನ್ನು ಮನೆಯಲ್ಲಿ ಯಾರೂ ತೆರೆದು ನೋಡುವುದಿಲ್ಲ.

ಇನ್ನು ಶುರು ಮಾಡುವ ಬಗೆ. ಮೊಬೈಲಿನಲ್ಲಿ ಇದನ್ನು ಕಲಿಸುವ ವಿಡಿಯೋ ಬೇಕಾದಷ್ಟಿವೆ. ನಿಮ್ಮ ಕೋಪಕ್ಕೊಂದು ಬಣ್ಣ ಕೊಡಿ, ನಿಮ್ಮ ದುಃಖಕ್ಕೊಂದು ಆಕಾರ ಕೊಡಿ ಎಂದು ಹಿನ್ನೆಲೆಯಲ್ಲಿ ಕೊಳಲು ನುಡಿಸುತ್ತಾ ಹೇಳುತ್ತಾರೆ. ನಾನು ವಿಧೇಯ ವಿದ್ಯಾರ್ಥಿನಿ, ಕೂತೆ. ಕೋಪಕ್ಕೆ ಕೆಂಪು ಎಂದು ಬ್ರಶ್ಶು ಅದ್ದಿದೆ. ಕೆಂಪು ನೋಡಿದರೆ ನನಗೆ ಬಾಗಿನ ನೆನಪಾಗುತ್ತದೆ, ಕುಂಕುಮದ ಬಟ್ಟಲು, ಸೋಬಾನೆ, ಗೋಧಿ ಪಾಯಸ. ಕೋಪ ಎಲ್ಲಿಂದ ಬರಬೇಕು? ದುಃಖಕ್ಕೆ ನೀಲಿ ಎಂದರು. ನೀಲಿ ನಮ್ಮ ಶಾಲೆಯ ಯೂನಿಫಾರ್ಮು. ಪುಟದ ಮೇಲೆ ಒಂದು ಕೆಂಪು ಮಚ್ಚೆ, ಒಂದು ನೀಲಿ ಮಚ್ಚೆ ಉಳಿದವು. ಅಭ್ಯಾಸಬಲದಿಂದ ಅವಕ್ಕೆ ಅಪಧಮನಿ, ಅಭಿಧಮನಿ ಎಂದು ಹೆಸರು ಬರೆದೆ.

ಮತ್ತೆ ಕೆಲವು ದಿನ ಪುಸ್ತಕ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ತೊಳೆದು ಬೋರಲು ಹಾಕಿದ್ದ ಕುಕ್ಕರ್ ಕಂಡಿತು. ಬೇರೇನೂ ತೋಚದೆ ಅದನ್ನೇ ಬರೆಯತೊಡಗಿದೆ. ಬರೆಯುವಾಗ ಗೊತ್ತಾಯಿತು, ದಿನಾ ಕೈಯಾಡಿಸುವ ಆ ಪಾತ್ರೆಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮುಚ್ಚಳ ಪೂರ್ತಿ ಗುಂಡಗಿಲ್ಲ, ಒಳಗೆ ಕೂರಬೇಕಲ್ಲ, ಸ್ವಲ್ಪ ಅಂಡಾಕಾರ. ಸೇಫ್ಟಿ ವಾಲ್ವಿನ ಸುತ್ತ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗದ ಕಪ್ಪು. ಗ್ಯಾಸ್ಕೆಟ್ಟು ಒಂದು ಕಡೆ ಸಡಿಲ. ಹಿಡಿಯ ಬುಡದಲ್ಲಿ ಸ್ಕ್ರೂ ಇಲ್ಲ. ಆ ತೂತಿನ ಹತ್ತಿರ ಪೆನ್ಸಿಲ್ ಬಂದಾಗ ನಿಂತಿತು. ‘ಒಂದು ಸ್ಕ್ರೂ ತಾನೇ, ನಾಳೆ ಹಾಕಿಸ್ತೀನಿ’ ಎಂದು ಇವರು ಹೇಳಿದ್ದು ಯಾವ ಹಬ್ಬದಲ್ಲಿ ಎಂಬುದು ಸಹಿತ ನೆನಪಾಯಿತು. ಆಮೇಲೆ ನಾಳೆ ಎಂದ ಬೇರೆ ಬೇರೆ ವಿಷಯಗಳು ಸಾಲುಗಟ್ಟಿದವು. ಚಿತ್ರ ಅಲ್ಲಿಗೇ ಬಿಟ್ಟು ಗೆರೆಪುಟಕ್ಕೆ ಹೋದೆ. ಪುಟ ತುಂಬಿ, ಅಂಚಿನಲ್ಲೂ ಬರೆದು, ತಲೆಯೆತ್ತಿದರೆ ಹಾಲಿನವನು ಬಂದಿದ್ದ. ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆಯುತ್ತೇನೆಂದರೆ ಅದು ಫೋಟೋಗೆ ನಿಂತ ಮದುಮಗನ ಗಾಂಭೀರ್ಯ ತಂದುಕೊಳ್ಳುತ್ತದೆ. ಕುಕ್ಕರಿನ ಕಡೆ ತಿರುಗಿ ಕೂತರೆ ಹಿಂದಿನ ಬಾಗಿಲಿಂದ ತಾನೇ ಬರುತ್ತದೆ ಎಂಬುದಷ್ಟು ಮಾತ್ರ ಅಂದು ಗೊತ್ತಾಯಿತು.

ಜೀವಶಾಸ್ತ್ರದವಳಾದ್ದರಿಂದ ಇದಕ್ಕೇನಾದರೂ ಪುರಾವೆ ಉಂಟೇ ಎಂದು ಹುಡುಕದೆ ಇರಲಾಗಲಿಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 39 ಮಂದಿ ವಯಸ್ಕರಿಗೆ ಮಣ್ಣು, ಮಾರ್ಕರು, ಕತ್ತರಿಸಿ ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಎಂದರು. ಮೊದಲೂ ಕೊನೆಗೂ ಅವರ ಜೊಲ್ಲು ತೆಗೆದು ಅದರಲ್ಲಿ ಕಾರ್ಟಿಸಾಲ್ ಎಷ್ಟಿದೆ ಎಂದು ಅಳೆದರು. ಕಾರ್ಟಿಸಾಲ್ ಅಡ್ರಿನಲ್ ಗ್ರಂಥಿಯಿಂದ ಒಸರುವ ಹಾರ್ಮೋನು, ಒತ್ತಡ ಹೆಚ್ಚಿದಾಗ ಏರುತ್ತದೆ. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಚಿತ್ರಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ಭೇದ ಕಾಣಲಿಲ್ಲ. ಓದಿ ಸಂತೋಷವಾಯಿತು. ಆದರೆ ಸುಮ್ಮನೆ ಕೂರಿಸಿ ಹೋಲಿಸಿ ನೋಡಿದ ಕಂಟ್ರೋಲ್ ಗುಂಪು ಇರಲಿಲ್ಲವಲ್ಲ, ನನ್ನ ಹತ್ತನೇ ಕ್ಲಾಸಿನ ಹುಡುಗಿಯೂ ಕೇಳಿಯಾಳು. ಮತ್ತೆ, ಇಳಿಯದೇ ಉಳಿದ ಆ ಕಾಲು ಪಾಲಿನವರು? ಅವರು ಅಂದವಾದ ಚಿತ್ರ ಬರೆಯಲು ಹೊರಟವರಿರಬೇಕು.

ನಮ್ಮಮ್ಮನಿಗೆ ಕಾರ್ಟಿಸಾಲ್ ಗೊತ್ತಿರಲಿಲ್ಲ, ಆರ್ಟ್ ಜರ್ನಲ್ಲೂ ಗೊತ್ತಿರಲಿಲ್ಲ. ರಂಗೋಲಿ ಪುಸ್ತಕ ಮಾತ್ರ ಇತ್ತು. ಜವಳಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ತಾರೀಖಿಗೂ ಬರೆದದ್ದಕ್ಕೂ ಸಂಬಂಧವಿಲ್ಲ. ‘15ರಿಂದ 8, ಸಂದು ಚುಕ್ಕಿ’, ‘11ರಿಂದ 1, ನೇರ ಚುಕ್ಕಿ’ ಎಂದು ತಲೆಬರಹ, ಕೆಳಗೆ ಚುಕ್ಕಿ, ಚುಕ್ಕಿಯ ಸುತ್ತ ಎಳೆ. ಮೂಲೆಯಲ್ಲಿ ಹಾಲಿನ ಲೆಕ್ಕ, ಅಗಸರಿಗೆ ಹಾಕಿದ ಬಟ್ಟೆ. ಕೆಲವು ರಂಗೋಲಿಗಳ ಕೆಳಗೆ ಅದನ್ನು ಯಾರಿಂದ ಕಲಿತದ್ದೋ ಅವರ ಗುರುತು: ‘ಕೊನೇ ಮನೆಯವರದ್ದು’, ‘ಸಾಗರದ ಅತ್ತಿಗೆಯದ್ದು’, ‘ಬಸ್ಸಲ್ಲಿ ಸಿಕ್ಕವರು ಹೇಳಿದ್ದು’. ಬಸ್ಸಿನಲ್ಲಿ ಸಿಕ್ಕವರು ರಂಗೋಲಿಯನ್ನು ಬಾಯಲ್ಲಿ ಹೇಗೆ ಹೇಳಿದರೋ, ಇವಳು ಹೇಗೆ ನೆನಪಿಟ್ಟುಕೊಂಡಳೋ.

ಅವಳು ಹೋದ ಮೇಲೆ ಅದನ್ನು ಹಲವು ಸಲ ತಿರುವಿ ಹಾಕಿದ್ದೇನೆ. ಒಂದು ವಾಕ್ಯವೂ ಅವಳ ಬಗ್ಗೆ ಇಲ್ಲ. ಆದರೆ ನೋಡಬಲ್ಲವರಿಗೆ ಎಲ್ಲ ಇದೆ. ಧನುರ್ಮಾಸದ ಪುಟಗಳಲ್ಲಿ ಬೀದಿ ತುಂಬುವ 21 ಚುಕ್ಕಿಯ ತೇರು. ಅಪ್ಪ ಆಸ್ಪತ್ರೆಯಲ್ಲಿದ್ದ ಕಾಲಕ್ಕೆ ಸಿಕ್ಕುವುದೆಲ್ಲ 5 ಚುಕ್ಕಿ, 7 ಚುಕ್ಕಿ, ಹೊರಡುವ ಅವಸರದಲ್ಲಿ ಹಾಕಿ ಮುಗಿಸುವಂಥವು. ಅಜ್ಜಿ ತೀರಿಕೊಂಡ ವರ್ಷ, ಸೂತಕ ಕಳೆದ ಮೇಲೂ ಬಹಳ ದಿನ ಹೊಸದೇನೂ ಬರೆದಿಲ್ಲ, ಬರೀ ಹಾಲಿನ ಲೆಕ್ಕ. ಆಮೇಲೆ ಒಂದು ಪುಟದಲ್ಲಿ ಯಾವ ಚುಕ್ಕಿಗೂ ಸೇರದ ಬಳ್ಳಿಯೊಂದು ಪುಟದಾಚೆಗೆ ಹೋಗಿ, ಮಗುಚಿದರೆ ಹಿಂದಿನ ಹಾಳೆಯಲ್ಲೂ ಮುಂದುವರಿದಿದೆ. ಅದಕ್ಕೆ ತಲೆಬರಹ ಇಲ್ಲ, ಯಾರದ್ದು ಎಂಬ ಗುರುತೂ ಇಲ್ಲ. ನನ್ನ ಲೆಕ್ಕದಲ್ಲಿ ಅದು ಅವಳದ್ದೇ.

ನಮ್ಮ ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಬೂಮಣ್ಣಿ ಬುಟ್ಟಿ. ಎಳೆಗಳು ಗೊತ್ತಾದವು, ನಮೂನೆಗಳೂ ಗೊತ್ತಾದವು, ಹಿಂದಿನವರು ಬರೆದದ್ದನ್ನೇ ಬರೆಯಬೇಕು. ಸಹಿ ಹಾಕುವ ಪದ್ಧತಿಯಿಲ್ಲ. ಹಾಗಿದ್ದೂ ತಿಳಿದವರು ಗೋಡೆ ನೋಡಿ ಇದು ಇಂಥವಳ ಕೈ ಎನ್ನುತ್ತಾರೆ. ತನ್ನನ್ನು ತೋರಿಸಿಕೊಳ್ಳುತ್ತೇನೆಂದು ಅವಳು ಹೊರಟಿರಲಿಲ್ಲ; ಎಳೆ ನೇರ ಬರಲಿ ಎಂದಷ್ಟೇ ಅವಳ ಗಮನ.

ಪುಸ್ತಕದ ವಿಚಾರಕ್ಕೆ ಬಂದರೆ ದೊಡ್ಡವರ ಹೆಸರು ಹೇಳಿ ಧೈರ್ಯ ತಂದುಕೊಳ್ಳುವ ಅಭ್ಯಾಸ ನನಗೂ ಇದೆ. ರವೀಂದ್ರನಾಥ ಟಾಗೋರರು ಹಸ್ತಪ್ರತಿಯಲ್ಲಿ ಒಂದು ಪದ ಹೊಡೆದುಹಾಕಿದರೆ ಆ ಕಾಟು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಕಾಟನ್ನು ಇನ್ನೊಂದಕ್ಕೆ ಗೆರೆಯೆಳೆದು ಸೇರಿಸುತ್ತಾ ಹೋಗಿ ಕೊಕ್ಕು, ರೆಕ್ಕೆ, ಹಲ್ಲು ಮೂಡಿಸುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಕಾಯಿಲೆ ಬಿದ್ದು ಉಳಿದಾಗ ‘ಪೂರವಿ’ಯ ಹಸ್ತಪ್ರತಿಯಲ್ಲಿ ಇಂಥವನ್ನು ಕಂಡ ವಿಕ್ಟೋರಿಯಾ ಒಕಾಂಪೊ ಅವರೇ ಮುಂದೆ 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನಕ್ಕೆ ಕಾರಣರಾದರು. ಆಗ ಕವಿಗೆ ಎಪ್ಪತ್ತರ ಹೊಸ್ತಿಲು. ಕೊನೆಗೆ 2,000ಕ್ಕೂ ಹೆಚ್ಚು ಚಿತ್ರ ಬಿಟ್ಟುಹೋದರು. ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ನಮ್ಮ ವಿಷಯದವರೇ ಬೇಕೆಂದರೆ ಸ್ಪೇನಿನ ರಾಮೋನ್ ಇ ಕಹಾಲ್. ಚಿತ್ರಕಾರನಾಗುತ್ತೇನೆಂದ ಹುಡುಗನನ್ನು ಅಪ್ಪ ಹಟ ಹಿಡಿದು ವೈದ್ಯಕೀಯಕ್ಕೆ ಹಾಕಿದ. ಇವನು ಮೈಕ್ರೋಸ್ಕೋಪಿನಡಿ ನರಕೋಶಗಳನ್ನು ಬರೆದು ಬರೆದು 1906ರಲ್ಲಿ ನೊಬೆಲ್ ಹಂಚಿಕೊಂಡ. ಆ ನರಕೋಶಗಳ ಕೊಂಬೆ ನೋಡಿದರೆ ಅಪ್ಪನ ಮಾತು ಎಷ್ಟರ ಮಟ್ಟಿಗೆ ಕೇಳಿದ್ದ ಎಂದು ಗೊತ್ತಾಗುತ್ತದೆ.

ಫ್ರೀಡಾ ಕಾಲೋ ವಿಷಯದಲ್ಲಿ ನನಗೆ ಮುಜುಗರ. ಮೆಕ್ಸಿಕೊದ ಈ ಚಿತ್ರಕಾರ್ತಿ ಬದುಕಿನ ಕೊನೆಯ ಹತ್ತು ವರ್ಷ, 1954ರಲ್ಲಿ ಸಾಯುವವರೆಗೆ, ಬಣ್ಣ ಬಣ್ಣದ ಶಾಯಿಯಲ್ಲಿ ದಿನಚರಿ ಇಟ್ಟಿದ್ದಳು. ಹದಿನೆಂಟಕ್ಕೆ ಬಸ್ ಅಪಘಾತದಲ್ಲಿ ಮುರಿದ ಮೈ. 1953ರಲ್ಲಿ ಒಂದು ಕಾಲನ್ನೂ ಕತ್ತರಿಸಬೇಕಾಯಿತು. ಆ ಪಾದಗಳೂ ಪುಟದಲ್ಲಿವೆ. 1995ರಲ್ಲಿ ಇಡೀ ಪುಸ್ತಕ ಇದ್ದ ಹಾಗೇ ಅಚ್ಚಾಯಿತು. ಅದರ ಪುಟಗಳನ್ನು ನೋಡುವಾಗ ಕಣ್ಣು ಕೀಳಲಾಗುವುದಿಲ್ಲ, ಆದರೆ ಯಾರದೋ ಕೋಣೆಗೆ ಬಾಗಿಲು ತಟ್ಟದೆ ಹೊಕ್ಕ ಸಂಕೋಚವೂ ಬಿಡುವುದಿಲ್ಲ. ಅಷ್ಟು ಧೈರ್ಯ ನನಗಿಲ್ಲ. ನನ್ನ ರೆಕಾರ್ಡು ನಾನಿರುವಾಗಲೇ ಬಚ್ಚಲೊಲೆಗೆ ಹೋಗಬೇಕೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ಬಚ್ಚಲೊಲೆ ತೆಗೆಸಿ ಗೀಸರ್ ಹಾಕಿಸಿ ಎಷ್ಟೋ ವರ್ಷವಾಯಿತು ಎಂದು ಇವರು ನೆನಪಿಸಿದರು.

ಬಣ್ಣಕ್ಕೂ ಅಂಗಡಿಗೆ ಹೋಗಲೇಬೇಕೆಂದಿಲ್ಲ. ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ ಹಚ್ಚಿದರೆ ಹಳೆ ಮನೆಯ ತೊಲೆಯ ಬಣ್ಣ, ಎರಡನೇ ಸಲ ಹಚ್ಚಿದರೆ ಇನ್ನಷ್ಟು ಗಾಢ. ಅರಿಶಿನ ಕದಡಿ ಹಚ್ಚಿ, ಅದರ ಮೇಲೆ ಸುಣ್ಣದ ತಿಳಿ ಒಂದು ತೊಟ್ಟು ಬಿಟ್ಟರೆ ಆರತಿಯ ಓಕುಳಿ ಅಲ್ಲೇ ತಯಾರು. ಹುಡುಗರಿಗೆ ಇದನ್ನೇ ನೈಸರ್ಗಿಕ ಸೂಚಕ ಎಂದು ಕಲಿಸಿದ್ದೆ. ಕೆಂಪು ದಾಸವಾಳದ ರಸಕ್ಕೆ ನಿಂಬೆ ಹಿಂಡಿದರೆ ಗುಲಾಬಿ, ಸೋಪಿನ ನೀರು ಸೋಕಿದರೆ ಹಸಿರು. ಅರಿಶಿನ ಮಾತ್ರ ಬೆಳಕಿಗೆ ನಿಲ್ಲುವುದಿಲ್ಲ. ಯುಗಾದಿಗೆ ಬರೆದ ಮಾವಿನಹಣ್ಣು ಕಿಟಕಿಯ ಹತ್ತಿರ ತೆರೆದಿಟ್ಟಿದ್ದರಿಂದ ದೀಪಾವಳಿಗೆ ಬಿಳುಚಿಕೊಂಡಿತ್ತು. ಅದರಿಂದೇನು ನಷ್ಟ? ಮಾವಿನಹಣ್ಣೂ ದೀಪಾವಳಿಗೆ ಇರುವುದಿಲ್ಲ.

ಯಾರೂ ನೋಡಬಾರದ ಮಾತು ಬರೆದು ಮೇಲೆ ಬಣ್ಣ ಬಳಿಯುವುದು ಈ ಕಲೆಯವರ ಒಂದು ಉಪಾಯ. ಇಲ್ಲಿ ರಸಾಯನಶಾಸ್ತ್ರ ತಿಳಿದಿರಬೇಕು. ಬಾಲ್‌ಪೆನ್ನಿನ ಶಾಯಿ ಎಣ್ಣೆಯ ಜಾತಿ, ನೀರಿನ ಬಣ್ಣ ಪಾರದರ್ಶಕ. ಮೇಲೆಷ್ಟು ಹಸಿರು ಬಳಿದರೂ ‘ಅತ್ತೆ’ ಎಂಬ ಎರಡಕ್ಷರ ಹುಲ್ಲಿನ ನಡುವಿನಿಂದ ಸ್ಪಷ್ಟವಾಗಿ ಇಣುಕುತ್ತದೆ. ಬೇಕಾದದ್ದು ಪೋಸ್ಟರ್ ಕಲರ್, ಅದರಲ್ಲೂ ಬಿಳಿ, ಎರಡು ಕೋಟು. ಲಿಯೊನಾರ್ಡೊ ಡ ವಿಂಚಿಯ ಹಾಗೆ ಬಲದಿಂದ ಎಡಕ್ಕೆ ಕನ್ನಡಿ ಬರಹ ಬರೆಯಬಹುದು. ಆದರೆ ಕನ್ನಡದ ಒತ್ತಕ್ಷರ, ದೀರ್ಘಗಳನ್ನು ತಿರುಗುಮುರುಗಾಗಿ ಬರೆಯುವಷ್ಟರಲ್ಲಿ ಬಂದ ಸಿಟ್ಟು ಹೋಗಿರುತ್ತದೆ.

ನೋಡಲಿ ಎಂದು ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನ ಜೊತೆ ನಿವೃತ್ತರಾದ ಒಬ್ಬ ಗಣಿತದ ಮೇಡಂ ಇದ್ದಾರೆ. ಅವರು ಮೊದಲು ಬರೆದದ್ದು ಮನೆಯೆದುರಿನ ಟ್ರಾನ್ಸ್‌ಫಾರ್ಮರ್. ಕಂಬ ವಾಲಿತ್ತು, ತಂತಿಗಳೆಲ್ಲ ಗೋಜಲು, ಕೆಳಗೊಂದು ನಾಯಿ. ಎಂಥ ಜೀವ ಅದರಲ್ಲಿ! ವಾಟ್ಸಾಪಿನ ಗುಂಪಿಗೆ ಹಾಕಿದರು. ‘ಸೂಪರ್ ಮೇಡಂ’ ಎಂದು ಕೈಮುಗಿದ ಚಿತ್ರಗಳು ಬಂದವು, ‘ಹೂವಿನದ್ದೂ ಒಂದು ಹಾಕಿ’ ಎಂದು ಕೋರಿಕೆ ಬಂತು. ಈಗ ಅವರು ದಿನಾ ಬೆಳಿಗ್ಗೆ ಆರಕ್ಕೆ ಗುಲಾಬಿ ಬರೆದು ‘ಶುಭೋದಯ’ ಎಂದು ಹಾಕುತ್ತಾರೆ. ದಳಗಳಿಗೆ ಕೈವಾರ ಬಳಸುತ್ತಾರೆಂಬ ಗುಮಾನಿ ನನ್ನದು.

ನಮ್ಮ ಮನೆಯಲ್ಲಿ ಆ ಅಪಾಯವಿಲ್ಲ. ಇವರು ಒಂದು ಸಲ ಕನ್ನಡಕ ಹುಡುಕುತ್ತಾ ರೆಕಾರ್ಡು ತೆರೆದು, ಬಹಳ ಹೊತ್ತು ನೋಡಿ, “ಆನೆ ಚೆನ್ನಾಗಿದೆ” ಎಂದರು. ಅದು ಕುಕ್ಕರ್ ಎಂದೆ. ಪಕ್ಕದ ಪುಟ ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. ಕುಕ್ಕರಿಗೆ ಸ್ಕ್ರೂ ಅಂತೂ ಇವತ್ತಿಗೂ ಬಂದಿಲ್ಲ, ಆದ್ದರಿಂದ ಓದಿಲ್ಲವೆಂದೇ ತೀರ್ಮಾನ.

ಮೊನ್ನೆ ತಂಗಿಯ ಮಗಳು ಮತ್ತೆ ಬಂದಿದ್ದಳು. ರೆಕಾರ್ಡು ಮೇಜಿನ ಮೇಲೇ ಇತ್ತು.

“ದೊಡ್ಡಮ್ಮ, ನೋಡ್ಲಾ?”

“ಮೊದಲು ನಿಂದು ತೋರಿಸು.”

“ಅಯ್ಯೋ ಬೇಡ. ಅದ್ರಲ್ಲಿ ನಮ್ಮ ಬಾಸ್ ಇದಾರೆ.”

“ನಂದ್ರಲ್ಲಿ ನಿಮ್ಮಮ್ಮ ಇದಾಳೆ.”

ಹಾಗಾದರೆ ಬೇಡವೇ ಬೇಡ ಎಂದು ಕೈ ಹಿಂದೆಗೆದಳು. ಕಾಫಿ ಕುಡಿದಾಯಿತು. ಲೋಟ ತೊಳೆಯಲು ಒಳಗೆ ಹೋದವಳು ಅಲ್ಲಿಂದಲೇ ಕೇಳಿದಳು: “ಅಮ್ಮ ಏನು ಮಾಡ್ತಿದಾಳೆ ಅದ್ರಲ್ಲಿ?”

“ಅವರೆಕಾಯಿ ಸುಲೀತಿದಾಳೆ.”

“ಅಷ್ಟೇನಾ?”

“ಅಷ್ಟೇ. ಸಿಪ್ಪೇನೆಲ್ಲ ನನ್ನ ಕಡೆಗೇ ಎಸೀತಿದಾಳೆ.”